ಹಗೇವು ಮತ್ತು ಪಡಸಾಲೆ: ಸಂಶೋಧಕಿಯ ಗಣಕಯಂತ್ರದಲ್ಲಿ ನೆನಪಿನ ಮಿತಿ

ಧಾರವಾಡ ಸೀಮೆಯ ಹಳೆಯ ದಾಖಲೆಗಳನ್ನು ಶೋಧಿಸುವವರು ಒಂದು ಸಂಗತಿಯನ್ನು ಮೊದಲೇ ಅರಿತಿರಬೇಕಾಗುತ್ತದೆ. ಮುಂಬಯಿ ಆಧಿಪತ್ಯದ ಕಾಲದ ಗೆಜೆಟಿಯರುಗಳಲ್ಲಿ ‘ಹಾವೇರಿ ತಾಲ್ಲೂಕು’ ಎಂದು ಹುಡುಕಿದರೆ ಏನೂ ದೊರೆಯುವುದಿಲ್ಲ. ಹಾವೇರಿ ಪಟ್ಟಣವೂ ಅದರ ಸುತ್ತಣ ಗ್ರಾಮಗಳೂ ಅಲ್ಲಿ ಕರ್ಜಗಿ ತಾಲ್ಲೂಕಿನ ಹೆಸರಿನಲ್ಲಿ ದಾಖಲಾಗಿವೆ. 1997ರಲ್ಲಿ ಹಾವೇರಿಯೇ ಪ್ರತ್ಯೇಕ ಜಿಲ್ಲೆಯಾಯಿತು. ಕರ್ಜಗಿಯಾದರೋ ವರದಾ ನದಿಯ ಸಮೀಪದ ಒಂದು ಗ್ರಾಮವಾಗಿ, ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಸಾಗುವ ರೈಲುಮಾರ್ಗದ ಒಂದು ಸಣ್ಣ ನಿಲ್ದಾಣವಾಗಿ, ಕಾರಹುಣ್ಣಿಮೆಯ ಸಂಭ್ರಮಕ್ಕೆ ಹೆಸರಾದ ಊರಾಗಿ ಉಳಿದುಕೊಂಡಿತು. ಒಂದು ವಸ್ತು ಎಲ್ಲಿದೆ ಎಂಬುದು ಎಷ್ಟು ಮುಖ್ಯವೋ ಅದನ್ನು ಯಾವ ಹೆಸರಿನಲ್ಲಿ ಹುಡುಕಬೇಕು ಎಂಬುದೂ ಅಷ್ಟೇ ಮುಖ್ಯ ಎಂಬುದಕ್ಕೆ ಇದೊಂದು ಚಿಕ್ಕ ನಿದರ್ಶನ.

ಈ ಊರಿನ ಒಂದು ಮನೆಯಲ್ಲಿ ನಡೆದ ಸಂಗತಿ ಇಲ್ಲಿಯ ವಿಷಯ. ಮನೆಯ ಮಗಳು ಶಾಸನಗಳನ್ನು ಕುರಿತು ಪಿಎಚ್.ಡಿ. ಪದವಿಗಾಗಿ ಅಧ್ಯಯನ ಮಾಡುತ್ತಿರುವ ಸಂಶೋಧಕಿ. ಹಾವೇರಿಯ ಸಿದ್ಧೇಶ್ವರ, ವರದೆಯು ತುಂಗಭದ್ರೆಯನ್ನು ಕೂಡುವಲ್ಲಿರುವ ಗಳಗನಾಥದ ಗಳಗೇಶ್ವರ, ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ, ಬಂಕಾಪುರದ ಕೋಟೆಯೊಳಗಿನ ನಗರೇಶ್ವರ: ಈ ದೇವಾಲಯಗಳ ಶಾಸನಗಳ ಜೊತೆಗೆ ಊರೂರಿನ ವೀರಗಲ್ಲು, ನಿಸಿಧಿಗಲ್ಲುಗಳ ಛಾಯಾಚಿತ್ರಗಳನ್ನೂ ಆಕೆ ಐದು ವರ್ಷಗಳಿಂದ ಸಂಗ್ರಹಿಸಿದ್ದಳು. ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯಲ್ಲಿ ಮುಂಬಯಿ ಕರ್ನಾಟಕದ ಶಾಸನಗಳಿಗೆ ಮೀಸಲಾದ 11, 15, 18 ಮತ್ತು 20ನೆಯ ಸಂಪುಟಗಳ ಮುದ್ರಿತ ಪಾಠವನ್ನು ಕಲ್ಲಿನ ಮೇಲಿನ ಅಕ್ಷರಗಳೊಂದಿಗೆ ಮತ್ತೊಮ್ಮೆ ಹೋಲಿಸಿ ನೋಡುವುದು ಆಕೆಯ ಕೆಲಸದ ಮುಖ್ಯ ಭಾಗ. ಮುದ್ರಣವಾದ ಪಾಠವು ಅಂತಿಮವೆಂದು ತಿಳಿಯದೆ ಮೂಲಕ್ಕೆ ಹೋಗಬೇಕೆಂಬುದು ಗ್ರಂಥಸಂಪಾದನೆಯ ಪ್ರಾಥಮಿಕ ಪಾಠವಷ್ಟೆ.

ಆದರೆ ಮೂಲವೂ ಸ್ಥಿರವಲ್ಲ. ಒಂದು ಗುಡಿಯ ಜೀರ್ಣೋದ್ಧಾರದ ಕಾಲದಲ್ಲಿ, ಆಕೆ ಚಿತ್ರ ತೆಗೆದ ಎರಡು ವರ್ಷಗಳ ಬಳಿಕ, ಒಂದು ಶಾಸನದ ಕೆಳಭಾಗಕ್ಕೆ ಸಿಮೆಂಟಿನ ಗಿಲಾವು ಬಿತ್ತು. ಅಂದಿನಿಂದ ಆ ಐದು ಸಾಲುಗಳಿಗೆ ಆಕೆಯ ಛಾಯಾಚಿತ್ರಗಳೇ ಸಾಕ್ಷಿ. ಈ ಕಾರಣದಿಂದಲೇ ಆಕೆ ಚಿತ್ರಗಳನ್ನು ಕಾಪಿಡುವ ಬಗೆಯನ್ನು ಕುರಿತು ಗಂಭೀರವಾಗಿ ಯೋಚಿಸಿ, ತನ್ನ ಡೆಸ್ಕ್‌ಟಾಪ್ ಗಣಕಯಂತ್ರದಲ್ಲಿ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಅನ್ನು ಅಳವಡಿಸಿಕೊಂಡಳು.

ಫೈಲ್ ಸಿಸ್ಟಂ ಎಂದರೆ ಡಿಸ್ಕಿನ ಮೇಲೆ ಕಡತಗಳನ್ನು ಇಡುವ, ಹುಡುಕುವ, ಮರಳಿ ಕೊಡುವ ವ್ಯವಸ್ಥೆ. ಗ್ರಂಥಭಂಡಾರಕ್ಕೆ ಭಂಡಾರಿ ಇದ್ದಂತೆ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೆಫ್ ಬಾನ್ವಿಕ್, ಮ್ಯಾಥ್ಯೂ ಆರೆನ್ಸ್ ಮೊದಲಾದವರು 2001ರಲ್ಲಿ ಆರಂಭಿಸಿದ ಝಡ್‌ಎಫ್‌ಎಸ್ 2005ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದಿತು. 2013ರಿಂದ ಓಪನ್‌ಝಡ್‌ಎಫ್‌ಎಸ್ ಎಂಬ ಹೆಸರಿನಲ್ಲಿ ಅನೇಕರು ಕೂಡಿ ಅದನ್ನು ಬೆಳೆಸುತ್ತಿದ್ದಾರೆ. ಇದರ ವಿಶೇಷವೇನೆಂದರೆ, ಬರೆದ ಪ್ರತಿಯೊಂದು ತುಣುಕಿಗೂ ಚೆಕ್‌ಸಮ್ ಎಂಬ ಪರಿಶೀಲನಾಂಕವನ್ನು ಲೆಕ್ಕಹಾಕಿ ಆ ತುಣುಕಿನಿಂದ ಬೇರೆಯಾದ ಸ್ಥಳದಲ್ಲಿ ಇಡುತ್ತದೆ. ಓದುವಾಗ ಎರಡನ್ನೂ ಹೋಲಿಸುತ್ತದೆ. ಎರಡು ಡಿಸ್ಕುಗಳಲ್ಲಿ ಒಂದೇ ಸಾಮಗ್ರಿಯ ಎರಡು ಪ್ರತಿಗಳಿದ್ದು ಅವುಗಳಲ್ಲಿ ಒಂದು ಕೆಟ್ಟಿದ್ದರೆ, ಯಾವುದು ಕೆಟ್ಟಿದೆಯೆಂದು ತಿಳಿದು, ಸರಿಯಾದ ಪ್ರತಿಯಿಂದ ಅದನ್ನು ತಿದ್ದುತ್ತದೆ. ಎರಡು ಓಲೆಗರಿಗಳಲ್ಲಿ ಪಾಠಾಂತರ ಕಂಡಾಗ ಯಾವುದು ಶುದ್ಧ, ಯಾವುದು ಲಿಪಿಕಾರದೋಷ ಎಂದು ನಿರ್ಣಯಿಸಲು ಸಂಪಾದಕರು ಪಡುವ ಪಾಡನ್ನು ಬಲ್ಲವರಿಗೆ ಈ ಗುಣದ ಬೆಲೆ ಸುಲಭವಾಗಿ ತಿಳಿಯುತ್ತದೆ. ಸಂಶೋಧಕಿಯು ಇದನ್ನು ಆರಿಸಿಕೊಂಡದ್ದು ಯುಕ್ತವೇ ಆಗಿತ್ತು. ತೊಡಕು ಬಂದದ್ದು ಬೇರೆ ದಿಕ್ಕಿನಿಂದ.

ಶ್ರಾವಣದ ಒಂದು ಮಧ್ಯಾಹ್ನ ಆಕೆ ಗಿಲಾವಿನಡಿ ಸೇರಿದ ಆ ಐದು ಸಾಲುಗಳ ಪೈಕಿ ತೀರ ಸವೆದ ಒಂದನ್ನು ಓದುತ್ತಿದ್ದಳು. ಓರೆಬೆಳಕಿನಲ್ಲಿ, ಬೇರೆ ಬೇರೆ ಕೋನಗಳಿಂದ ತೆಗೆದ ಐದು ಚಿತ್ರಗಳನ್ನು ಪದರಪದರವಾಗಿ ಜೋಡಿಸಿ, ಒಂದರಲ್ಲಿ ಕಾಣದ ಗೀರನ್ನು ಇನ್ನೊಂದರಲ್ಲಿ ಗುರುತಿಸುತ್ತ, ಮೇಲಿನ ಪದರದಲ್ಲಿ ಅಕ್ಷರಗಳ ರೇಖೆಯನ್ನು ಎಳೆಯುತ್ತ ಮೂರು ಗಂಟೆ ಕಳೆದಿದ್ದವು. ಅದೇ ವೇಳೆಗೆ ಇಡೀ ಚಿತ್ರಸಂಗ್ರಹವು ಹೊರಗಿನ ಒಂದು ಡಿಸ್ಕಿಗೆ ನಕಲಾಗುತ್ತಿತ್ತು; ಬ್ರೌಸರಿನಲ್ಲಿ ಎರಡು ಶಾಸನಸಂಪುಟಗಳೂ ಒಂದು ನಿಘಂಟೂ ತೆರೆದಿದ್ದವು. ಪದರಗಳನ್ನು ಒಂದುಗೂಡಿಸುವ ಆಜ್ಞೆ ಕೊಟ್ಟೊಡನೆ ಯಂತ್ರವು ನಿಶ್ಚಲವಾಯಿತು. ಕೆಲವು ನಿಮಿಷಗಳ ಬಳಿಕ ಪರದೆ ಮರಳಿ ಬಂದಿತು; ಚಿತ್ರಸಂಪಾದನೆಯ ತಂತ್ರಾಂಶ ಮಾತ್ರ ಅಲ್ಲಿರಲಿಲ್ಲ. ಟಿಪ್ಪಣಿಯ ಕಡತವು ತನ್ನಷ್ಟಕ್ಕೆ ಆಗಾಗ ಉಳಿಯುತ್ತಿದ್ದುದರಿಂದ ಬದುಕಿಕೊಂಡಿತು. ಚಿತ್ರದ ಮೇಲೆ ಎಳೆದ ರೇಖೆಗಳು ಹೋದವು. ಪ್ರಬಂಧವನ್ನು ಸಲ್ಲಿಸಲು ಉಳಿದಿದ್ದುದು ಆರು ವಾರ.

ಮಧ್ಯೆ ಮಧ್ಯೆ ಉಳಿಸಿಕೊಳ್ಳದಿದ್ದುದು ಆಕೆಯ ತಪ್ಪೆಂಬುದರಲ್ಲಿ ಸಂದೇಹವಿಲ್ಲ. ಆದರೆ 8 ಗಿಗಾಬೈಟ್ ಮೆಮೊರಿಯುಳ್ಳ ಯಂತ್ರವು ಇಷ್ಟು ಕೆಲಸಕ್ಕೆ ಸೋತದ್ದೇಕೆ ಎಂಬ ಪ್ರಶ್ನೆ ಉಳಿಯಿತು. ಮೆಮೊರಿಯ ಲೆಕ್ಕವನ್ನು ತೋರಿಸುವ ಆದೇಶವನ್ನು ಕೊಟ್ಟು ನೋಡಿದಾಗ ಎಲ್ಲ ತಂತ್ರಾಂಶಗಳನ್ನು ಮುಚ್ಚಿದ ಮೇಲೂ ಅರ್ಧಕ್ಕಿಂತ ಹೆಚ್ಚು ಭಾಗ ‘ಬಳಕೆಯಲ್ಲಿದೆ’ ಎಂದಿತ್ತು. ಯಾರು ಬಳಸುತ್ತಿದ್ದಾರೆಂದು ತಂತ್ರಾಂಶಗಳ ಪಟ್ಟಿಯಲ್ಲಿ ಹುಡುಕಿದರೆ ಯಾವ ಹೆಸರೂ ಆ ಮೊತ್ತಕ್ಕೆ ಹೊಂದಲಿಲ್ಲ. ಹಾವೇರಿಯ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ ಹೊಸ ಯಂತ್ರವನ್ನೇ ಕೊಳ್ಳುವುದು ಲೇಸೆಂಬ ಸಲಹೆ ದೊರೆಯಿತು. ಶಿಷ್ಯವೇತನವು ನಿಂತು ಒಂದು ವರ್ಷವಾಗಿದ್ದ ಆಕೆಗೆ ಅದು ಸಾಧ್ಯವಿರಲಿಲ್ಲ.

ಕಾಣೆಯಾದ ಮೆಮೊರಿ ಇದ್ದುದು ಝಡ್‌ಎಫ್‌ಎಸ್‌ನ ಕ್ಯಾಶೆಯಲ್ಲಿ. ಲಿನಕ್ಸ್ ತನ್ನ ಸಾಮಾನ್ಯ ಫೈಲ್ ಸಿಸ್ಟಂಗಳಿಗಾಗಿ ಬಳಸುವ ಕ್ಯಾಶೆಯನ್ನು ಲೆಕ್ಕದ ಪಟ್ಟಿಯಲ್ಲಿ ಬೇರೆಯಾಗಿಯೇ ತೋರಿಸುತ್ತದೆ. ಅಗತ್ಯ ಬಿದ್ದರೆ ಬಿಟ್ಟುಕೊಡಬಹುದಾದ ಭಾಗವೆಂದು ಅದನ್ನು ನೋಡಿದವರಿಗೆ ತಿಳಿಯುತ್ತದೆ. ಝಡ್‌ಎಫ್‌ಎಸ್‌ನ ಕ್ಯಾಶೆಯು ಬಹುತೇಕ ಸ್ವತಂತ್ರ. ಅದು ‘ಬಳಕೆಯಲ್ಲಿದೆ’ ಎಂಬ ಮೊತ್ತದೊಳಗೆ ಹೆಸರಿಲ್ಲದೆ ಸೇರಿಹೋಗುತ್ತದೆ. ಅದರ ಲೆಕ್ಕವು ‘ಆರ್ಕ್‌ಸ್ಟ್ಯಾಟ್ಸ್’ ಎಂಬ ಬೇರೊಂದು ಕಡತದಲ್ಲಿರುತ್ತದೆ. ಹಾವೇರಿಯನ್ನು ಕರ್ಜಗಿಯ ಹೆಸರಿನಲ್ಲಿ ಹುಡುಕಬೇಕಾಗಿದ್ದಂತೆಯೇ ಇದನ್ನೂ ಅದರ ಸರಿಯಾದ ಹೆಸರಿನಲ್ಲಿ ಹುಡುಕಬೇಕಾಗಿತ್ತು. ಹುಡುಕಿದಾಗ ಉತ್ತರ ಸ್ಪಷ್ಟವಿತ್ತು: ಕ್ಯಾಶೆಯ ಗಾತ್ರ ಹೆಚ್ಚುಕಡಿಮೆ 4 ಗಿಗಾಬೈಟ್, ಯಂತ್ರದ ಮೆಮೊರಿಯ ಸರಿಯಾಗಿ ಅರ್ಧ.

ಕ್ಯಾಶೆ ಎಂಬ ಮಾತನ್ನು ಕೇಳಿ ಆಕೆಯ ತಂದೆ, “ಕ್ಯಾಶ್ ಅಂದ್ರ ರೊಕ್ಕ ಅಲ್ಲೇನವಾ?” ಎಂದಿದ್ದರು. ಅಲ್ಲವೆಂದು ತಿಳಿಸಿಕೊಡಲು ಆಕೆಗೆ ಒದಗಿ ಬಂದದ್ದು ಮನೆಯ ಹಗೇವಿನ ನೆನಪು. ಹಗೇವು ಉತ್ತರ ಕರ್ನಾಟಕದ ಹಳೆಯ ಮನೆಗಳು ನೆಲದೊಳಗೆ ತೋಡಿಸಿಕೊಳ್ಳುತ್ತಿದ್ದ ಧಾನ್ಯದ ಕಣಜ. ಒಳಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಆದರೆ ಅದನ್ನು ತೆರೆಯುವುದು ದೊಡ್ಡ ಕೆಲಸ. ಮಣ್ಣು ಅಗೆಯಬೇಕು, ಕಲ್ಲು ಸರಿಸಬೇಕು, ಒಳಗಿನ ವಿಷಗಾಳಿ ಹೊರಹೋಗುವವರೆಗೆ ಕಾಯದೆ ಇಳಿದವರು ಪ್ರಾಣ ಕಳೆದುಕೊಂಡದ್ದೂ ಉಂಟು. ಆದುದರಿಂದ ಒಮ್ಮೆ ತೆರೆದಾಗ ಕೆಲವು ದಿನಗಳಿಗೆ ಬೇಕಾಗುವಷ್ಟನ್ನು ಮೇಲೆ ತಂದು ಅಡುಗೆಮನೆಯ ಗಡಿಗೆಗಳಲ್ಲಿ ಇಟ್ಟುಕೊಳ್ಳುವುದು ರೂಢಿ. ಡಿಸ್ಕು ಹಗೇವು, ಮೆಮೊರಿಯು ಮನೆಯೊಳಗಿನ ಜಾಗ, ಕ್ಯಾಶೆಯು ಗಡಿಗೆಯಲ್ಲಿಟ್ಟ ಜೋಳ.

ಈ ಎರಡರ ನಡುವಣ ಅಂತರ ಎಷ್ಟೆಂಬುದನ್ನು ಅಂಕಿಯಲ್ಲಿ ಹೇಳಬಹುದು. ಮೆಮೊರಿಯಿಂದ ಒಂದು ಅಂಶವನ್ನು ಪಡೆಯಲು ಸುಮಾರು 100 ನ್ಯಾನೋಸೆಕೆಂಡು ಸಾಕು. ತಿರುಗುವ ಡಿಸ್ಕಿನಿಂದ ಪಡೆಯಲು ಸುಮಾರು 10 ಮಿಲಿಸೆಕೆಂಡು ಬೇಕು. ಒಂದಕ್ಕೊಂದು ಲಕ್ಷ ಪಟ್ಟು. ಮೊದಲನೆಯದನ್ನು ಒಂದು ಸೆಕೆಂಡೆಂದು ಹಿಗ್ಗಿಸಿದರೆ ಎರಡನೆಯದು ಒಂದು ಹಗಲು ಒಂದು ಇರುಳನ್ನೂ ಮೀರಿ 27 ಗಂಟೆಗಿಂತ ಹೆಚ್ಚಾಗುತ್ತದೆ. ಒಮ್ಮೆ ಓದಿದ್ದನ್ನು ಬಳಿಯಲ್ಲಿಟ್ಟುಕೊಳ್ಳುವುದು ಜಾಣತನವೆನ್ನಲು ಬೇರೆ ಕಾರಣ ಬೇಕಿಲ್ಲ.

ಬಳಿಯಲ್ಲಿ ಏನನ್ನು ಇಟ್ಟುಕೊಳ್ಳಬೇಕು, ಜಾಗ ಸಾಲದಾದಾಗ ಏನನ್ನು ಬಿಡಬೇಕು ಎಂಬುದೇ ಕ್ಯಾಶೆಯ ಮುಖ್ಯ ಪ್ರಶ್ನೆ. ಬಹುಕಾಲದಿಂದ ಕೇಳದಿದ್ದುದನ್ನು ಮೊದಲು ಬಿಡುವುದು ಸಾಮಾನ್ಯ ಕ್ರಮ. ಇದಕ್ಕೆ ಒಂದು ದೌರ್ಬಲ್ಯವುಂಟು. ಇಡೀ ಸಂಗ್ರಹವನ್ನು ಒಮ್ಮೆ ನಕಲು ಮಾಡಿದರೆ, ಮತ್ತೆಂದೂ ಬೇಡವಾಗುವ ಸಾವಿರಾರು ಕಡತಗಳು ‘ಈಗತಾನೆ ಕೇಳಿದವು’ ಎಂಬ ಅರ್ಹತೆಯಿಂದ ಒಳನುಗ್ಗಿ, ದಿನವೂ ಬೇಕಾಗುವವನ್ನು ಹೊರದೂಡುತ್ತವೆ. ಐಬಿಎಂ ಸಂಸ್ಥೆಯ ಆಲ್ಮಡೆನ್ ಸಂಶೋಧನಾ ಕೇಂದ್ರದಲ್ಲಿದ್ದ ನಿಮ್ರೋದ್ ಮೆಗಿದ್ದೊ ಮತ್ತು ಧರ್ಮೇಂದ್ರ ಮೋಧಾ 2003ರಲ್ಲಿ ಪ್ರಕಟಿಸಿದ ‘ಆರ್ಕ್’ ಎಂಬ ಕ್ರಮವು ಇದಕ್ಕೆ ಪರಿಹಾರ ಸೂಚಿಸಿತು. ಝಡ್‌ಎಫ್‌ಎಸ್ ಬಳಸುವುದು ಇದರದೇ ಮಾರ್ಪಟ್ಟ ರೂಪವನ್ನು.

ಆರ್ಕ್ ಎರಡು ಪಟ್ಟಿಗಳನ್ನು ಇಟ್ಟುಕೊಳ್ಳುತ್ತದೆ. ಒಮ್ಮೆ ಮಾತ್ರ ಕೇಳಿದವು ಒಂದರಲ್ಲಿ, ಎರಡನೆಯ ಸಲವೂ ಕೇಳಿದವು ಇನ್ನೊಂದರಲ್ಲಿ. ಕಾರಹುಣ್ಣಿಮೆಗೆ ಕರ್ಜಗಿಗೆ ಬರುವ ಜನಸಂದಣಿ ಎಷ್ಟೇ ದೊಡ್ಡದಾಗಿರಲಿ, ಊರಿನವರ ಮನೆಗಳನ್ನು ತೆರವು ಮಾಡಿಸುವುದಿಲ್ಲ. ಹಬ್ಬ ಮುಗಿದೊಡನೆ ಬಂದವರು ಹೊರಡುತ್ತಾರೆ. ಹಾಗೆಯೇ ಒಮ್ಮೆ ಬಂದುಹೋಗುವ ಕಡತಗಳು ಮೊದಲ ಪಟ್ಟಿಯಲ್ಲಿ ಸುಳಿದು ಹೋಗುತ್ತವೆ, ನಿತ್ಯದವು ಎರಡನೆಯದರಲ್ಲಿ ನಿಲ್ಲುತ್ತವೆ. ಇವಲ್ಲದೆ ಇನ್ನೆರಡು ‘ನೆರಳುಪಟ್ಟಿ’ಗಳಿವೆ. ಬಿಟ್ಟುಕೊಟ್ಟ ಸಾಮಗ್ರಿಯ ಗುರುತು ಮಾತ್ರ ಅವುಗಳಲ್ಲಿರುತ್ತದೆ, ಸಾಮಗ್ರಿಯಿರುವುದಿಲ್ಲ. ಇತ್ತೀಚೆಗೆ ಬಿಟ್ಟುದನ್ನೇ ಯಾರಾದರೂ ಮರಳಿ ಕೇಳಿದರೆ, ಯಾವ ಪಟ್ಟಿಗೆ ಜಾಗ ಸಾಲಲಿಲ್ಲವೆಂದು ಆ ಗುರುತಿನಿಂದ ಅರಿತು ಎರಡು ಪಟ್ಟಿಗಳ ನಡುವಣ ಗಡಿಯನ್ನು ಆರ್ಕ್ ತಾನೇ ಸರಿಸಿಕೊಳ್ಳುತ್ತದೆ. ಪುಸ್ತಕವು ಕೈಯಲ್ಲಿಲ್ಲದಿದ್ದರೂ ಅದರ ಹೆಸರು, ಪುಟಸಂಖ್ಯೆಗಳ ಚೀಟಿಯನ್ನು ಉಳಿಸಿಕೊಂಡಿರುವ ವಿದ್ವಾಂಸನ ಕ್ರಮವಿದು.

ಇಷ್ಟು ವಿವೇಕವುಳ್ಳ ವ್ಯವಸ್ಥೆಯಿದ್ದೂ ತೊಂದರೆ ಏಕಾಯಿತು? ಆರ್ಕ್ ತನ್ನೊಳಗಿನ ಹಂಚಿಕೆಯನ್ನು ಬಲ್ಲುದು. ತನಗೆ ಒಟ್ಟು ಎಷ್ಟು ಜಾಗ ಸಲ್ಲಬೇಕೆಂಬುದನ್ನು ಮನೆಯ ಉಳಿದವರ ಕಣ್ಣಿನಿಂದ ನೋಡಲಾರದು. ಮೆಮೊರಿ ಸಾಲದೆ ಬಂದಾಗ ಅದು ಕುಗ್ಗುವುದು ನಿಜ. ಆದರೆ ಬೇರೊಂದು ತಂತ್ರಾಂಶವು ಥಟ್ಟನೆ ದೊಡ್ಡ ಪಾಲನ್ನು ಕೇಳಿದಾಗ ಆ ಕುಗ್ಗುವಿಕೆಯು ವೇಳೆಗೆ ಮುಗಿಯದಿರಬಹುದು. ಆಗ ಕಾರ್ಯಾಚರಣ ವ್ಯವಸ್ಥೆಯು ಯಂತ್ರವನ್ನು ಉಳಿಸುವ ಸಲುವಾಗಿ, ಹೆಚ್ಚು ಮೆಮೊರಿಯನ್ನು ಹಿಡಿದಿರುವ ತಂತ್ರಾಂಶವೊಂದನ್ನು ಆರಿಸಿ ಕೊನೆಗೊಳಿಸುತ್ತದೆ. ಅಂದು ನಕಲಿನ ಕೆಲಸದಿಂದ ಕ್ಯಾಶೆಯು ತನ್ನ ಮಿತಿಯವರೆಗೆ ತುಂಬಿತ್ತು. 240 ಲಕ್ಷ ಬಿಂದುಗಳ ಒಂದು ವರ್ಣಚಿತ್ರವು ಬಿಚ್ಚಿದಾಗ ಕನಿಷ್ಠ 72 ಮೆಗಾಬೈಟ್ ಹಿಡಿಯುತ್ತದೆ. ಐದು ಪದರಗಳು, ಪ್ರತಿಯೊಂದು ಬದಲಾವಣೆಯ ಹಿಂದಿನ ಸ್ಥಿತಿಗಳು, ಒಂದುಗೂಡಿಸುವಾಗಿನ ತಾತ್ಕಾಲಿಕ ಪ್ರತಿಗಳು ಸೇರಿದರೆ ಮೊತ್ತವು ಗಿಗಾಬೈಟುಗಳಿಗೆ ಏರುತ್ತದೆ. ಎಲ್ಲರಿಗಿಂತ ಹೆಚ್ಚು ಹಿಡಿದಿದ್ದ ತಂತ್ರಾಂಶವೆಂದರೆ ಸಂಶೋಧಕಿಯು ಕೆಲಸ ಮಾಡುತ್ತಿದ್ದ ತಂತ್ರಾಂಶವೇ. ಮರಳಿ ಓದಿ ಪಡೆಯಬಹುದಾದ ಪ್ರತಿಗಳು ಉಳಿದು, ಮರಳಿ ಪಡೆಯಲಾಗದ ಕೆಲಸ ಅಳಿಯಿತು.

ಅರ್ಧ ಮೆಮೊರಿಯನ್ನು ಕ್ಯಾಶೆಗೆ ಬಿಟ್ಟುಕೊಡುವ ಪೂರ್ವನಿಯೋಜಿತ ಮಿತಿಯು ಅವಿವೇಕದ್ದಲ್ಲ. ಝಡ್‌ಎಫ್‌ಎಸ್ ಹುಟ್ಟಿದ್ದು ಸರ್ವರುಗಳಿಗಾಗಿ. ಕಡತಗಳನ್ನು ಒದಗಿಸುವುದೊಂದೇ ಕೆಲಸವಾದ ಯಂತ್ರದಲ್ಲಿ ಖಾಲಿ ಉಳಿದ ಮೆಮೊರಿ ವ್ಯರ್ಥ. ಲಿನಕ್ಸಿನಲ್ಲಿ ಬಹುಕಾಲ ಅರ್ಧವಿದ್ದ ಈ ಮಿತಿಯು 2025ರ ಆರಂಭದಲ್ಲಿ ಬಂದ 2.3ನೆಯ ಆವೃತ್ತಿಯಿಂದ ಇನ್ನೂ ಹಿರಿದಾಗಿದೆ: ಒಟ್ಟು ಮೆಮೊರಿಯಲ್ಲಿ ಒಂದು ಗಿಗಾಬೈಟ್ ಕಳೆದು ಉಳಿದದ್ದು ಅಥವಾ ಒಟ್ಟಿನ ಎಂಟರಲ್ಲಿ ಐದು ಪಾಲು, ಇವೆರಡರಲ್ಲಿ ದೊಡ್ಡದು. 8 ಗಿಗಾಬೈಟಿನ ಯಂತ್ರದಲ್ಲಿ ಇದು 7 ಗಿಗಾಬೈಟ್ ಆಗುತ್ತದೆ. ಹಳೆಯ ಡೆಸ್ಕ್‌ಟಾಪ್ ಯಂತ್ರದ ಮುಂದೆ ಕುಳಿತು ಸಂಪಾದನೆ ಮಾಡುವವರು ಆವೃತ್ತಿಯನ್ನು ಬದಲಿಸುವ ಮುನ್ನ ಈ ಲೆಕ್ಕವನ್ನು ಅರಿತಿರುವುದು ಒಳ್ಳೆಯದು.

ತಂದೆಯು ಈ ವಿವರಣೆಯನ್ನೆಲ್ಲ ಕೇಳಿ ಹೇಳಿದ್ದು ಒಂದೇ ಮಾತು: “ಹಗೇವಿನ್ಯಾಗಿನ ಜ್ವಾಳಾ ಎಲ್ಲಾ ಪಡಸಾಲ್ಯಾಗ ತಂದಿಟ್ರ ಮನಿ ಮಂದಿ ಎಲ್ಲಿ ಮಲಗೂದು?”

ಮಿತಿಯನ್ನು ಬದಲಿಸುವುದು ಕಷ್ಟದ ಕೆಲಸವಲ್ಲ. ‘ಝಡ್‌ಎಫ್‌ಎಸ್ ಆರ್ಕ್ ಮ್ಯಾಕ್ಸ್’ ಎಂಬ ನಿಯತಾಂಕದಲ್ಲಿ ಸೊನ್ನೆಯಿದ್ದರೆ ಪೂರ್ವನಿಯೋಜಿತ ಮಿತಿ ಎಂದರ್ಥ. ಸೊನ್ನೆಯ ಬದಲು ಸಂಖ್ಯೆಯನ್ನು ಬರೆದರೆ ಅದೇ ಮೇಲ್ಮಿತಿ. ಸಂಖ್ಯೆಯನ್ನು ಬೈಟುಗಳಲ್ಲಿ ಬರೆಯಬೇಕು. ಒಂದು ಗಿಗಾಬೈಟಿಗೆ 1073741824, ಎರಡಕ್ಕೆ 2147483648, ಮೂರಕ್ಕೆ 3221225472. ಇದು ಮುಂಗಡವಾಗಿ ಕಾದಿರಿಸುವ ಜಾಗವಲ್ಲ, ಮೀರಬಾರದ ಗೆರೆ ಮಾತ್ರ. ಓದಿನ ಕೆಲಸ ಕಡಿಮೆಯಿದ್ದರೆ ಕ್ಯಾಶೆಯು ಅದಕ್ಕಿಂತ ಚಿಕ್ಕದಾಗಿಯೇ ಇರುತ್ತದೆ. ಯಂತ್ರವು ನಡೆಯುತ್ತಿರುವಾಗಲೇ ಈ ಬದಲಾವಣೆ ಮಾಡಬಹುದು. ತುಂಬಿದ ಕ್ಯಾಶೆಯು ಹೊಸ ಗೆರೆಗೆ ಇಳಿಯಲು ಸ್ವಲ್ಪ ಸಮಯ ಹಿಡಿಯುತ್ತದೆ.

ಕಷ್ಟವಿರುವುದು ಸಂಖ್ಯೆಯನ್ನು ನಿರ್ಧರಿಸುವುದರಲ್ಲಿ. ಆಕೆ ಮೊದಲು ಆರಿಸಿಕೊಂಡ ಮಾನದಂಡವೇ ಸರಿಯಿರಲಿಲ್ಲ. ಕೇಳಿದ್ದು ಕ್ಯಾಶೆಯಲ್ಲಿಯೇ ಎಷ್ಟು ಸಲ ದೊರೆಯಿತು, ಎಷ್ಟು ಸಲ ಡಿಸ್ಕಿಗೆ ಹೋಗಬೇಕಾಯಿತು ಎಂಬ ಲೆಕ್ಕವು ಆರ್ಕ್‌ಸ್ಟ್ಯಾಟ್ಸ್ ಕಡತದಲ್ಲಿರುತ್ತದೆ. ಆಕೆ ಅದನ್ನೇ ಆಧಾರವಾಗಿಟ್ಟುಕೊಂಡಳು. ಆ ಲೆಕ್ಕದ ಪ್ರಕಾರ ಅತ್ಯುತ್ತಮವೆನಿಸಿದ್ದು ಹಳೆಯ 4 ಗಿಗಾಬೈಟಿನ ಮಿತಿಯೇ, ಎಂದರೆ ಕೆಲಸವನ್ನು ಕೆಡಿಸಿದ ಮಿತಿಯೇ. ಕ್ಯಾಶೆಯು ತನ್ನನ್ನು ತಾನು ಅಳೆದುಕೊಳ್ಳುವ ಕೋಲಿನಿಂದ ನೋಡಿದರೆ ದೊಡ್ಡದಾದಷ್ಟೂ ಒಳ್ಳೆಯದು. ಗಡಿಗೆಗಳು ಹೆಚ್ಚಿದಷ್ಟೂ ಹಗೇವನ್ನು ತೆರೆಯುವ ಪ್ರಸಂಗ ಕಡಿಮೆಯಾಗುತ್ತದೆಂಬುದು ಸತ್ಯವೇ. ಆದರೆ ಮನೆಯಿರುವುದು ಹಗೇವನ್ನು ತೆರೆಯದಿರುವುದಕ್ಕಾಗಿ ಅಲ್ಲ.

ಆ ಬಳಿಕ ಆಕೆ ತನ್ನ ಕೆಲಸವನ್ನೇ ಅಳತೆಗೋಲಾಗಿ ಮಾಡಿಕೊಂಡಳು. ಐದು ಪದರಗಳ ಚಿತ್ರವನ್ನು ತೆರೆದು, ಸಂಪುಟಗಳನ್ನೂ ಟಿಪ್ಪಣಿಯನ್ನೂ ತೆರೆದಿಟ್ಟು, ನಕಲಿನ ಕೆಲಸವನ್ನೂ ನಡೆಸುತ್ತ, ಅಂದು ಕೆಟ್ಟ ಸನ್ನಿವೇಶವನ್ನೇ ಬೇಕೆಂದು ಮರುಸೃಷ್ಟಿಸಿ ನೋಡಿದಳು. ಈ ಸಲ ಪ್ರತಿ ಹೆಜ್ಜೆಯನ್ನೂ ಉಳಿಸಿಕೊಂಡೇ ಮುಂದುವರಿದಳೆಂದು ಹೇಳಬೇಕಾಗಿಲ್ಲ. ಮೂರು ಗಿಗಾಬೈಟಿನ ಮಿತಿಯಲ್ಲಿ ಪದರಗಳನ್ನು ಕೂಡಿಸುವಾಗ ಯಂತ್ರವು ಏದುಸಿರು ಬಿಟ್ಟಿತು. ಒಂದಕ್ಕೆ ಇಳಿಸಿದಾಗ ಸಂಪಾದನೆ ಹಗುರವಾಯಿತು, ಆದರೆ ಸಾವಿರಾರು ಚಿತ್ರಗಳ ಸಂಪುಟವನ್ನು ತೆರೆದಾಗಲೆಲ್ಲ ಡಿಸ್ಕಿನ ಸದ್ದು ಕೇಳುತ್ತ ಕಾಯಬೇಕಾಯಿತು. ಕಡತಗಳ ಹೆಸರು, ಸ್ಥಾನಗಳ ಮಾಹಿತಿಗೂ ಕ್ಯಾಶೆಯಲ್ಲಿ ಎಡೆಯಿಲ್ಲದಾಗಿತ್ತು. ಎರಡರಲ್ಲಿ ಎರಡೂ ಕೆಲಸಗಳು ನಡೆದವು. ಕ್ಯಾಶೆಯಲ್ಲಿ ದೊರೆಯುವ ಪ್ರಮಾಣ ಕೊಂಚ ಇಳಿದದ್ದು ಅಂಕಿಯಲ್ಲಿ ಕಂಡಿತೇ ಹೊರತು ಕೈಗೆ ತಿಳಿಯಲಿಲ್ಲ. ಈ ಎರಡು ಎಂಬುದು ಆಕೆಯ ಯಂತ್ರಕ್ಕೆ, ಆಕೆಯ ಕೆಲಸಕ್ಕೆ ಹೊಂದಿದ ಸಂಖ್ಯೆ. ಓದುಗರು ಅದನ್ನೇ ಅನುಸರಿಸಬೇಕಾಗಿಲ್ಲ. ಅಳೆದು ನೋಡುವ ಈ ಕ್ರಮವನ್ನು ಅನುಸರಿಸಬಹುದು.

ಮರುದಿನ ಸಂಜೆ ವಿದ್ಯುತ್ತು ಹೋಯಿತು. ಮರಳಿ ಬಂದಾಗ ನೋಡಿದರೆ ಮಿತಿಯು ಮತ್ತೆ ನಾಲ್ಕಾಗಿತ್ತು. ನಡೆಯುತ್ತಿರುವ ಯಂತ್ರದಲ್ಲಿ ಬರೆದ ಸಂಖ್ಯೆಯೂ ಮೆಮೊರಿಯಲ್ಲಿಯೇ ಇರುವಂಥದು. ಯಂತ್ರ ಆರಿದರೆ ಅದೂ ಆರುತ್ತದೆ. ಶಾಶ್ವತವಾಗಬೇಕಾದರೆ, ಯಂತ್ರವು ಆರಂಭದಲ್ಲಿ ಓದಿಕೊಳ್ಳುವ ‘ಮಾಡ್‌ಪ್ರೋಬ್’ ಸಂಯೋಜನೆಯ ಕಡತದಲ್ಲಿ ಅದೇ ನಿಯತಾಂಕವನ್ನು ಒಂದು ಸಾಲಾಗಿ ಬರೆದಿಡಬೇಕು. ಕಾರ್ಯಾಚರಣ ವ್ಯವಸ್ಥೆಯೇ ಝಡ್‌ಎಫ್‌ಎಸ್ ಮೇಲಿದ್ದರೆ, ಅದರ ಆರಂಭದ ಹಂತದಲ್ಲಿ ಬಳಕೆಯಾಗುವ ಇನಿಟ್‌ರ್‍ಯಾಮ್‌ಎಫ್‌ಎಸ್ ಅನ್ನೂ ಹೊಸದಾಗಿ ರಚಿಸಬೇಕಾಗುತ್ತದೆ. ಆಕೆಯಲ್ಲಿ ಚಿತ್ರಗಳ ಡಿಸ್ಕುಗಳು ಮಾತ್ರ ಹಾಗಿದ್ದುದರಿಂದ ಒಂದು ಸಾಲೇ ಸಾಕಾಯಿತು.

ಇಲ್ಲಿ ಇನ್ನೊಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ಕ್ಯಾಶೆಯಲ್ಲಿರುವುದೂ ಪ್ರತಿಯೇ, ಹೊರಗಿನ ಡಿಸ್ಕಿನಲ್ಲಿರುವುದೂ ಪ್ರತಿಯೇ. ಆದರೆ ಎರಡರ ಉದ್ದೇಶ ಬೇರೆ. ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿದ ಸಂಗತಿ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳೆಲ್ಲರಿಗೂ ತಿಳಿದುದೇ. ಅವು ಉಳಿವಿಗಾಗಿ, ಪ್ರಸಾರಕ್ಕಾಗಿ ಆದ ಪ್ರತಿಗಳು. ಒಂದು ಭಂಡಾರದಲ್ಲಿ ಗೆದ್ದಲು ಹಿಡಿದರೆ ಮತ್ತೊಂದು ಭಂಡಾರದಲ್ಲಿ ಉಳಿಯಲೆಂಬ ಭರವಸೆ ಅಂಥ ಪ್ರತಿಗಳಲ್ಲಿ ಅಡಗಿರುತ್ತದೆ. ಕ್ಯಾಶೆಯ ಪ್ರತಿಯಾದರೋ ವೇಗಕ್ಕಾಗಿ ಮಾತ್ರ ಇರುವುದು. ಅದು ಎಷ್ಟು ದೊಡ್ಡದಾದರೂ ಮೂಲಕ್ಕೆ ರಕ್ಷೆಯಾಗದು. ಅದನ್ನು ಎಷ್ಟು ಕುಗ್ಗಿಸಿದರೂ ಮೂಲಕ್ಕೆ ಹಾನಿಯಿಲ್ಲ. ಮಿತಿಯನ್ನು ಇಳಿಸುವಾಗ ಚಿತ್ರಗಳು ಎಲ್ಲಿ ಅಳಿಸಿಹೋಗುವವೋ ಎಂದು ಆಕೆಗೆ ಒಂದು ಕ್ಷಣ ಅಳುಕುಂಟಾಗಿದ್ದುದು ಈ ಭೇದವು ಮನಸ್ಸಿಗೆ ನಾಟದಿದ್ದುದರಿಂದಲೇ. ಎರಡು ಡಿಸ್ಕುಗಳಲ್ಲಿ ಮತ್ತು ಹೊರಗಿನ ಮೂರನೆಯದರಲ್ಲಿ ಚಿತ್ರಗಳು ಇದ್ದಂತೆಯೇ ಇದ್ದವು. ಬೇಡವಾದದ್ದನ್ನು ಕೈಯಿಂದ ಬಿಡುವ ಧೈರ್ಯವು ಮೂಲವು ಭದ್ರವಾಗಿದೆಯೆಂಬ ನಂಬಿಕೆಯಿಂದ ಬರುತ್ತದೆ.

ಅಳಿದುಹೋದ ಪಾಠವನ್ನು ಆಕೆ ಮತ್ತೊಮ್ಮೆ ಓದಬೇಕಾಯಿತು. ಮೂರು ಗಂಟೆಯ ಕೆಲಸವು ಎರಡನೆಯ ಸಲ ಎರಡು ದಿನ ಹಿಡಿಯಿತು. ಟಿಪ್ಪಣಿಯಲ್ಲಿ ಮೊದಲ ಓದು ಉಳಿದಿತ್ತು. ಅದನ್ನು ನೋಡದೆ, ಹೊಸದಾಗಿ ರೇಖೆಗಳನ್ನು ಎಳೆದು, ಆಮೇಲೆ ಎರಡನ್ನೂ ಹೋಲಿಸಿದಳು. ದಾನಿಯ ಹೆಸರಿನ ನಡುವಣ ಒಂದು ಅಕ್ಷರದಲ್ಲಿ ಎರಡು ಓದುಗಳು ಕೂಡಲಿಲ್ಲ. ಮೊದಲ ಸಲ ಆಕೆ ಅದನ್ನು ನಿಸ್ಸಂದೇಹವಾಗಿ ಒಂದು ಅಕ್ಷರವೆಂದು ಬರೆದಿದ್ದಳು. ಎರಡನೆಯ ಸಲ ಅಲ್ಲಿ ಕಂಡದ್ದು ಒಂದು ಬಾಗಿದ ಗೀರು ಮಾತ್ರ; ಅದು ಅಕ್ಷರದ ಭಾಗವೋ ಕಲ್ಲಿನ ಬಿರುಕೋ ಎಂದು ಐದೂ ಚಿತ್ರಗಳು ಖಚಿತವಾಗಿ ಹೇಳಲಿಲ್ಲ. ಕಲ್ಲಿನ ಬಳಿಗೆ ಹೋಗಿ ನೋಡುವ ದಾರಿ ಮುಚ್ಚಿತ್ತು.

ಪ್ರಬಂಧವು ಅವಧಿಯೊಳಗೆ ಸಿದ್ಧವಾಯಿತು. ಅದರ ಅನುಬಂಧದಲ್ಲಿ ಆ ಅಕ್ಷರವು ಸಂದೇಹಸೂಚಕವಾದ ಆವರಣದೊಳಗಿದೆ, ಕೆಳಗೆ ಎರಡೂ ಓದುಗಳ ವಿವರವಿದೆ. ಆ ಓದನ್ನು ಸಾಧ್ಯವಾಗಿಸಿದ ಯಂತ್ರದ ಸಂಯೋಜನೆಯನ್ನು ಕುರಿತು ಪ್ರಬಂಧದಲ್ಲಿ ಒಂದು ಮಾತೂ ಇಲ್ಲ, ಇರಬೇಕಾಗಿಯೂ ಇಲ್ಲ. ಮಾಡ್‌ಪ್ರೋಬ್ ಕಡತದಲ್ಲಿ ಮಾತ್ರ 2147483648 ಎಂಬ ಸಂಖ್ಯೆಯ ಒಂದು ಸಾಲಿದೆ. ಅದರ ಮೇಲೆ, ಯಂತ್ರವು ಓದದೆ ದಾಟಿಹೋಗುವಂತೆ ಗುರುತು ಹಾಕಿದ ಇನ್ನೊಂದು ಸಾಲಿನಲ್ಲಿ, ಮುಂದೆ ಇದನ್ನು ನೋಡುವವರಿಗೆ ತಿಳಿಯಲೆಂದು ಆಕೆ ಕನ್ನಡದಲ್ಲಿ ಬರೆದಿಟ್ಟಿದ್ದಾಳೆ: ಪಡಸಾಲೆ ಮಲಗುವುದಕ್ಕೆ.